ಬಾಯೊಳಗಿನ ಬೆಳ್ಳಿ

ನಾನು ನಕ್ಕರೆ ತಲೆ ತಾನಾಗಿ ಹಿಂದಕ್ಕೆ ವಾಲುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತವೆ, ಬಾಯಿ ಮಾತ್ರ ಹಾರುಹೊಡೆದ ಬಾಗಿಲಿನಂತೆ ಪೂರ್ತಿ ತೆರೆದುಕೊಳ್ಳುತ್ತದೆ. ಸದ್ದಂತೂ ಎರಡು ಓಣಿ ದಾಟಿ ಹೋಗುತ್ತದೆ. ಶಹಾಪುರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ನಾನು ನಕ್ಕದ್ದು ಕೇಳಿ ಇಂದು ಟೀಚರ್ ಖುಷಿಯಾಗಿದ್ದಾರೆ, ಹೋಮ್‌ವರ್ಕ್ ಕೇಳಲಿಕ್ಕಿಲ್ಲ ಎಂದು ಹುಡುಗರು ಲೆಕ್ಕ ಹಾಕುತ್ತಾರಂತೆ. ನನ್ನ ಬಗ್ಗೆ ಜಗತ್ತಿಗೆ ಗೊತ್ತಿರುವುದು ಇಷ್ಟೇ: ಈಕೆ ನಗುತ್ತಾಳೆ. ಇದನ್ನು ಗುಣವೆಂದು ನಾನು ಎಂದೂ ಮೆರೆಸಿಲ್ಲ. ಆದರೆ ಕೈತಪ್ಪಿ ಹೋದಾಗಲೇ ಅದು ನನ್ನದಾಗಿತ್ತು ಎಂದು ತಿಳಿದದ್ದು.

ಕೈತಪ್ಪಿದ್ದು ಕೆಂಭಾವಿಯಲ್ಲಿ ನಡೆದ ಒಂದು ಮದುವೆಯಲ್ಲಿ. ಈಗಿನ ಮದುವೆಗಳಲ್ಲಿ ವರನಿಗಿಂತ ಹೆಚ್ಚು ಮರ್ಯಾದೆ ವಿಡಿಯೋದವನಿಗೆ. ಅವನು ಕುಣಿಸಿದಂತೆ ಪುರೋಹಿತರೂ ತಾಳಿಯನ್ನು ಎರಡೆರಡು ಸಲ ಎತ್ತಿ ತೋರಿಸುತ್ತಾರೆ. ಊಟದ ಪಂಕ್ತಿಯಲ್ಲಿ ಯಾರೋ ಏನೋ ಅಂದರು, ನಾನು ನಕ್ಕೆ. ವಿಡಿಯೋದವನು ಆಗ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಎಲೆಯ ಮೇಲಿನ ಹೋಳಿಗೆಯನ್ನು ಹಿಡಿಯುತ್ತಿದ್ದವನು, ಕ್ಯಾಮೆರಾವನ್ನು ಹಾಗೇ ಮೇಲಕ್ಕೆ ತಿರುಗಿಸಿಬಿಟ್ಟ. ಆಮೇಲೆ ಆ ತುಣುಕಿಗೆ ಸನಾದಿ ಸಂಗೀತ ಕೂಡಿಸಿ, ನಿಧಾನಗತಿಗೆ ಇಳಿಸಿ, ನನ್ನ ತವರುಮಂದಿಯ ವಾಟ್ಸಾಪ್ ಗುಂಪಿಗೆ ಬಿಟ್ಟರು. ನನ್ನ ತಲೆ ಮೆಲ್ಲಗೆ ಹಿಂದಕ್ಕೆ ಹೋಗುತ್ತದೆ. ಬಾಯಿ ಗುಹೆಯಂತೆ ಮೆಲ್ಲಗೆ ತೆರೆಯುತ್ತದೆ. ಒಳಗೆ ಮೇಲಿನ ಸಾಲಿನಲ್ಲಿ, ಅತ್ತ ಒಂದು ಇತ್ತ ಒಂದು, ಎರಡು ದವಡೆ ಹಲ್ಲು ಕಪ್ಪಗೆ ಹೊಳೆಯುತ್ತವೆ. ಅಣ್ಣನ ಮಗಳು ಕೆಳಗೆ ಬರೆದಿದ್ದಳು: “ಅತ್ತಿ, ಬಾಯಾಗ ಕರಿ ದ್ರಾಕ್ಷಿ ಇಟ್ಕೊಂಡೀರೇನು?”

ಅದರ ಕೆಳಗೆ ಎಷ್ಟೋ ಮಂದಿ ನಗುವ ಮುಖಗಳನ್ನು ಅಂಟಿಸಿದ್ದರು. ಆ ಮುಖಗಳೆಲ್ಲಕ್ಕೂ ಹಲ್ಲು ಬಿಳಿ.

ಬಚ್ಚಲುಮನೆಯ ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಿಡಿದು ತನಿಖೆ ಮಾಡಿದೆ. ಮೇಲೆ ಎರಡು, ಕೆಳಗೆ ಎರಡು. ನಾನು ಸುರಪುರದ ತವರಿನಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಾಗ ತುಂಬಿಸಿದ ಬೆಳ್ಳಿ ಅವು. ಶೇಂಗಾದ ಉಂಡಿಯನ್ನು ಹಗಲೂ ಇರುಳೂ ತಿಂದದ್ದರ ಫಲ. ಅಂದು ತುಂಬಿದ ವೃದ್ಧ ಡಾಕ್ಟರು ಕೈ ತೊಳೆಯುತ್ತ, “ತಂಗಿ, ನಿನ್ನ ಮೊಮ್ಮಕ್ಕಳ ಲಗ್ನಕ್ಕೂ ಇವು ಜಗ್ಗಂಗಿಲ್ಲ” ಎಂದಿದ್ದರು. ಜಗ್ಗದಿರುವುದೇ ಈಗ ಫಜೀತಿಯಾಗಿತ್ತು.

ಬೆಳ್ಳಿ ಎನ್ನುವುದು ಕರೆಯಲು ಒಂದು ಹೆಸರು ಮಾತ್ರ. ಅದರಲ್ಲಿ ಬೆಳ್ಳಿ, ತವರ, ತಾಮ್ರದ ಪುಡಿ ಒಂದು ಪಾಲಾದರೆ ಇನ್ನೊಂದು ಪಾಲು ಪಾದರಸ. ಹಿಂದಿನ ಸಿದ್ಧರು ಪಾದರಸವನ್ನು ಕಟ್ಟಿ ಸಾವನ್ನೇ ಗೆಲ್ಲಲು ಹೊರಟಿದ್ದರಂತೆ. ಕಾಡು ಗುಡ್ಡ ಅಲೆದು, ಕುಲುಮೆ ಊದಿ ಊದಿ ಹೈರಾಣಾದರಂತೆ. ಅವರಿಗೆ ಒಲಿಯದ ಪಾದರಸ ಸುರಪುರದಲ್ಲಿ ಶೇಂಗಾ ಉಂಡಿ ತಿಂದ ಹುಡುಗಿಯ ಬಾಯಿಗೆ ಬಂದು ಸುಮ್ಮನೆ ಕಟ್ಟಿಕೊಂಡು ಕೂತಿದೆ. ಇದರಲ್ಲಿ ಒಂದು ತಮಾಷೆಯೂ ಇದೆ. ಪ್ರತಿ ವರ್ಷ ಪಾಠ ಮಾಡುವಾಗ, “ಪಾದರಸ ವಿಷ, ಥರ್ಮಾಮೀಟರ್ ಒಡೆದರೆ ಬೆರಳಿನಿಂದಲೂ ಮುಟ್ಟಬಾರದು” ಎಂದು ನಾನು ಮಕ್ಕಳಿಗೆ ಗದರಿಸಿ ಹೇಳುತ್ತಿದ್ದೆ. ಆ ಮಾತನ್ನು ಪಾದರಸ ನನ್ನ ಬಾಯೊಳಗೇ ಕೂತು ಕೇಳಿಸಿಕೊಳ್ಳುತ್ತಿತ್ತು.

ಅಂದಿನಿಂದ ನಾನು ಬಾಯಿ ಮುಚ್ಚಿ ನಗಲು ಕಲಿಯತೊಡಗಿದೆ. ಇದು ಕಂಡಷ್ಟು ಸುಲಭವಲ್ಲ. ಮೊದಲು ಸೆರಗು ಅಡ್ಡ ಹಿಡಿದೆ. ನಮ್ಮ ಹೆಡ್ ಮಾಸ್ತರರು ಇದನ್ನು ನೋಡಿ, ತಮ್ಮ ಬಾಯಿಯೇ ನಾರುತ್ತಿದೆ ಎಂದು ತಿಳಿದು ಅಂದಿನಿಂದ ನನ್ನ ಹತ್ತಿರ ಬರುವ ಮೊದಲು ಏಲಕ್ಕಿ ಹಾಕಿಕೊಳ್ಳತೊಡಗಿದರು. ಸೆರಗು ಬಿಟ್ಟು ಕೈ ಹಿಡಿದೆ. ಚಾಕ್‌ಪೀಸಿನ ಪುಡಿ ಮೀಸೆಯಾಗಿ ಮೂಡಿತು. ಕೊನೆಗೆ ತುಟಿ ಬಿಗಿದು ಮೂಗಿನಲ್ಲೇ ನಗುವ ಒಂದು ಪದ್ಧತಿ ಕಂಡುಕೊಂಡೆ. ಶಹಾಪುರದವರಿಗೆ ಇದರ ಆದರ್ಶ ಕಣ್ಣೆದುರೇ ಇದೆ. ನಮ್ಮೂರ ಗುಡ್ಡದ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಅಷ್ಟು ದೊಡ್ಡ ದೇಹ, ಅಷ್ಟು ದೀರ್ಘ ನಿದ್ದೆ, ಆದರೂ ಬಾಯಿ ಒಂದಿಷ್ಟೂ ಬಿಟ್ಟಿಲ್ಲ. ಅವನಿಗೆ ಸಾಧ್ಯವಾದದ್ದು ನನಗೇಕೆ ಆಗದು ಎಂದುಕೊಂಡೆ. ಆದರೆ ಅವನ ಎದುರು ಒಂಬತ್ತನೇ ತರಗತಿ ‘ಬಿ’ ವಿಭಾಗ ಕೂತಿರುವುದಿಲ್ಲ.

ಪರಿಣಾಮ ಬೇಗ ಕಂಡಿತು. ತರಗತಿಯಲ್ಲಿ ಮಕ್ಕಳು ಪಿಟ್ಟೆನ್ನದೆ ಕೂರತೊಡಗಿದರು. ಹೇಳದ ಹೋಮ್‌ವರ್ಕನ್ನೂ ಮಾಡಿಕೊಂಡು ಬಂದರು. ಸಮಾಜ ವಿಜ್ಞಾನದ ಷಾಹೀನ್ ಮೇಡಂ ಬಹಳ ವರ್ಷಗಳಿಂದ ನನ್ನ ಪಕ್ಕದ ಕುರ್ಚಿಯವರು, ಡಬ್ಬಿ ಹಂಚಿಕೊಂಡು ಉಣ್ಣುವವರು. ಒಂದು ಮಧ್ಯಾಹ್ನ ಅವರು ನನ್ನ ಮೊಣಕೈ ಹಿಡಿದು ವರಾಂಡಕ್ಕೆ ಕರೆದೊಯ್ದರು.

“ಕ್ಯಾ ಹುವಾ ಜೀ? ಮನ್ಯಾಗ ಯಾರರ ತೀರ್ಕೊಂಡಾರೇನ್ರಿ?”

“ಇಲ್ರಿ, ಎಲ್ಲಾರೂ ಆರಾಮ ಅದಾರ.”

“ಮತ್ತ ಮಾರಿ ಯಾಕ ಹಿಂಗ ಹೊಲಿಗಿ ಹಾಕ್ದಂಗ ಇಟ್ಕೊಂಡೀರಿ? ನೀವು ನಗಲಾರದ್ದಕ್ಕ ನನ್ನ ಡಬ್ಬ್ಯಾಗಿನ ಬಿರ್ಯಾನಿ ರುಚಿನೇ ಹತ್ತವಲ್ದು.”

ಏನೂ ಇಲ್ಲವೆಂದು ಮೂಗಿನಲ್ಲೇ ನಕ್ಕು ತೋರಿಸಿದೆ. ಅವರು ಇನ್ನೂ ಗಾಬರಿಯಾದರು.

ಮನೆಯ ಕಥೆ ಬೇರೆ. ನಮ್ಮವರದು ಅರಿವೆ ಅಂಗಡಿ. ಬಟ್ಟೆಗಿಂತ ಹೆಚ್ಚು ಅವರು ಮಾತು ಬಿಚ್ಚಿ ಹಾಸುತ್ತಾರೆ. ಅವರ ಜೋಕುಗಳು ಬಹಳ ಇಲ್ಲ, ಇರುವಷ್ಟೇ ಮಡಚಿ ಮಡಚಿ ಇಟ್ಟುಕೊಂಡು ಹಬ್ಬಹುಣ್ಣಿಮೆಗೆ ತೆಗೆಯುತ್ತಾರೆ. ಸೀರೆ ನೋಡಲು ಬಂದ ಹೆಂಗಸು ಮಧ್ಯಾಹ್ನವೆಲ್ಲ ಕೂತು ಎಲ್ಲ ಸೀರೆ ಬಿಚ್ಚಿಸಿ, “ಬಣ್ಣ ಹೋಗ್ತದೇನ್ರಿ?” ಎಂದು ಕೇಳಿದಳಂತೆ. ಇವರು, “ಬಣ್ಣನೂ ಹೋಗಂಗಿಲ್ಲ, ನೀವೂ ಹೋಗಂಗಿಲ್ಲ” ಎಂದರಂತೆ. ಮದುವೆಯಾದ ಹೊಸದರಲ್ಲಿ ಕೇಳಿದ ಈ ಜೋಕಿಗೆ ನಾನು ಅಂದಿನಿಂದ ಇಂದಿನವರೆಗೂ ನಕ್ಕಿದ್ದೇನೆ. ಜೋಕಿಗಲ್ಲ, ಹೇಳುವ ಮೊದಲೇ ಅವರ ಹೊಟ್ಟೆ ಕುಲುಕುವುದಕ್ಕೆ.

ವಿಡಿಯೋ ಬಂದ ಮೇಲೆ ಅವರು ಇದೇ ಜೋಕನ್ನು ಇನ್ನೊಮ್ಮೆ ಹೇಳಿದರು. ನಾನು ತುಟಿ ಬಿಗಿದು “ಹೂಂ” ಎಂದೆ. ಅವರ ಹೊಟ್ಟೆ ನಡುವೆಯೇ ನಿಂತಿತು. ಮರುದಿನ ಇನ್ನೊಂದು ಹೇಳಿದರು; ಅದಕ್ಕೂ “ಹೂಂ.” ಮೂರನೆಯದನ್ನು ಅವರು ಶುರುಮಾಡಿ, ನಡುವೆ ನನ್ನ ಮುಖ ನೋಡಿ, “ಇರಲಿ ಬಿಡು” ಎಂದು ರೊಟ್ಟಿ ಮುರಿಯತೊಡಗಿದರು. ಖಡಕ್ ರೊಟ್ಟಿ ಮುರಿಯುವ ಸದ್ದು ಅಷ್ಟು ದೊಡ್ಡದೆಂದು ನನಗೆ ಅಂದೇ ತಿಳಿದದ್ದು. ಆಮೇಲೆ ಜೋಕು ನಿಂತವು. ಊಟ, ಸುದ್ದಿ, ನಿದ್ದೆ. ಮನೆ ಬ್ಯಾಂಕಿನಂತಾಯಿತು.

ತಮ್ಮ ಸರಕು ಹಳತಾಯಿತೇನೋ ಎಂಬ ಅನುಮಾನ ಅವರಿಗೆ. ಕ್ಷೌರದಂಗಡಿಗೆ ಹೋಗಿ, ಕುತ್ತಿಗೆಗೆ ಬಿಳಿ ಅರಿವೆ ಸುತ್ತಿಸಿಕೊಂಡು, ಅಲ್ಲಿ ಒಂದು ಜೋಕನ್ನು ಪರೀಕ್ಷೆಗೆ ಬಿಟ್ಟರಂತೆ. ಅಂಗಡಿಯವ ಎಷ್ಟು ನಕ್ಕನೆಂದರೆ ಇವರ ಎಡ ಮೀಸೆಯ ತುದಿ ಹೋಯಿತು. ಸರಕಿನಲ್ಲಿ ದೋಷವಿಲ್ಲ, ಗಿರಾಕಿಯಲ್ಲೇ ಏನೋ ಆಗಿದೆ ಎಂದು ಖಾತ್ರಿಯಾಗಿ, ಒಂದೂವರೆ ಮೀಸೆಯಲ್ಲಿ ಮನೆಗೆ ಬಂದರು. ಆ ಮೀಸೆ ನೋಡಿ ನನಗೆ ಒಳಗೆ ನಗೆಯ ಬುಗ್ಗೆ ಎದ್ದಿತು. ತುಟಿ ಕಚ್ಚಿ ಹಿಡಿದೆ. ಹಿಡಿದ ನಗು ಕಣ್ಣಲ್ಲಿ ನೀರಾಗಿ ಬಂತು. ಇವರು ಗಾಬರಿಯಾಗಿ ಎದುರು ಕೂತರು.

“ನೋಡು, ಮನಸಿನ್ಯಾಗ ಇಟ್ಕೋಬ್ಯಾಡ. ನನ್ನಿಂದ ಏನರ ತಪ್ಪಾಗ್ಯದೇನು?”

ಅವರ ಧ್ವನಿಯಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಇಷ್ಟು ದಿನ ಇವರು ಒಳಗೊಳಗೇ ಇದನ್ನು ಹೊತ್ತು ತಿರುಗಿದ್ದರೇ ಎನಿಸಿತು. ಹಲ್ಲಿನ ವಿಷಯ ಹೇಳಿದೆ.

“ಹಲ್ಲೇನಾಗ್ಯಾವ?”

“ಕರ್‍ರಗ ಅದಾವ. ಬೆಳ್ಳಿ ತುಂಬಿಸೀನಲ್ಲ.”

“ಯಾವಾಗ?”

“ಲಗ್ನಕ್ಕಿಂತ ಮುಂಚೆ.”

ಅವರು ಟಾರ್ಚ್ ಹಿಡಿದು ನನ್ನ ಬಾಯೊಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು, ಬಾವಿಯಲ್ಲಿ ಬಿದ್ದ ಕೊಡ ಹುಡುಕುವವರ ಹಾಗೆ. ಆಮೇಲೆ ಎದ್ದು ನಿಂತು, “ಖರೇ ಹೇಳ್ತೀನಿ, ಇವತ್ತೇ ನೋಡಿದ್ದು. ಎತ್ತು ತರುವಾಗ ನಮ್ಮಪ್ಪ ಹಲ್ಲು ಹಿಡಿದು ನೋಡ್ತಿದ್ದ. ನಿನ್ನ ನೋಡಾಕ ಬಂದಾಗ ಬರೇ ಚಹಾ ಕುಡದು ಎದ್ದು ಬಂದ್ವಿ” ಎಂದರು.

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ. ಆದರೆ ಇಷ್ಟು ವರ್ಷ ಎದುರಿಗೇ ಬಾಯಿ ತೆರೆದು ನಕ್ಕವಳ ಹಲ್ಲನ್ನು ಒಮ್ಮೆಯೂ ನೋಡದ ಮನುಷ್ಯನನ್ನು ಏನೆನ್ನುವುದು? ಸಿಟ್ಟು ಬರಬೇಕಾಗಿತ್ತು. ಯಾಕೋ ಬರಲಿಲ್ಲ.

ಬೆಳ್ಳಿ ತೆಗೆಸಿ ಹಲ್ಲಿನ ಬಣ್ಣದ ಬಿಳಿ ತುಂಬಿಸಿಕೊಳ್ಳಲು ಯಾದಗಿರಿಗೆ ಹೋಗುವುದೆಂದು ಮಾತಾಯಿತು. ಮಾತು ಹೊರಬಿದ್ದದ್ದೇ ತಡ, ನನ್ನ ಬಾಯಿ ಸಾರ್ವಜನಿಕ ಆಸ್ತಿಯಾಯಿತು. ಸುರಪುರದಿಂದ ಅವ್ವ ಫೋನು ಮಾಡಿದಳು. “ಬಾಯಾಗ ಬೆಳ್ಳಿ ಇದ್ದಾಕಿಗಿ ಬಡತನ ಬರಂಗಿಲ್ಲ, ಯಾಕ ತಗಸ್ತಿ?” ಎಂಬುದು ಅವಳ ಮೊದಲ ವಾದ. ನಾನು ಬಗ್ಗದಿದ್ದಾಗ, “ಹಂಗಾರ ತಗದ ಬೆಳ್ಳಿ ಅಲ್ಲೇ ಬಿಟ್ಟು ಬರಬ್ಯಾಡ. ಚೀಟ್ಯಾಗ ಕಟ್ಟಿಸ್ಕೊಂಡು ಬಾ. ಕಾಲುಂಗುರಕ್ಕ ಕೂಡಿಸೋಣು” ಎಂದಳು. ಷಾಹೀನ್ ಮೇಡಂ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. “ಬಿಳಿ ಮಾಡಸ್ರಿ, ಕೆಂಪು ಮಾಡಸ್ರಿ, ನಗೂದು ಮಾತ್ರ ಪಹಲೇ ಕೇ ಜೈಸಾ, ಮೊದಲಿನಂಗ ಇರಬೇಕು ನೋಡ್ರಿ” ಎಂದರು. ನಮ್ಮವರು ಎಲ್ಲಿಂದಲೋ ಒಂದು ವಾಟ್ಸಾಪ್ ಸಂದೇಶ ಹುಡುಕಿ ತಂದರು: ಪಾದರಸದ ಹಲ್ಲಿನಿಂದ ಮರೆವು, ಮೊಣಕಾಲು ನೋವು, ಸಿಟ್ಟು, ಎಲ್ಲ ಬರುತ್ತವಂತೆ. ಮೂರೂ ನನಗಿದ್ದವು. ಆದರೆ ಹಲ್ಲೇ ಇಲ್ಲದ ನನ್ನ ಅವ್ವನಿಗೂ ಇದ್ದವು.

ಚಿಕ್ಕಂದಿನಲ್ಲಿ ಪುರಾಣದಲ್ಲಿ ಕೇಳಿದ ಒಂದು ಕಥೆ ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಗುತ್ತಿತ್ತು. ದಕ್ಷನ ಯಜ್ಞದಲ್ಲಿ ಶಿವನನ್ನು ಬೈಯುವಾಗ ದೇವತೆಯೊಬ್ಬ ಹಲ್ಲು ಬಿಟ್ಟು ನಕ್ಕನಂತೆ. ಆಮೇಲೆ ಶಿವಗಣ ಬಂದು ಆ ಹಲ್ಲುಗಳನ್ನೇ ಉದುರಿಸಿತಂತೆ. ಪಾಪ, ಅಂದಿನಿಂದ ಅವನಿಗೆ ಮೆತ್ತಗಿನ ಹಿಟ್ಟಿನ ನೈವೇದ್ಯವೇ ಗತಿ. ಪುರಾಣ ಹೇಳುವವರು ಶಿವನಿಂದೆಯ ಫಲ ಎನ್ನುತ್ತಿದ್ದರು. ನನಗೆ ಈಗ ಅನಿಸುತ್ತದೆ, ಇನ್ನೊಬ್ಬರನ್ನು ನೋಡಿ ನಕ್ಕರೆ ಹಲ್ಲು ಹೋಗಬೇಕಾದದ್ದು ಸರಿ. ಇನ್ನೊಬ್ಬರ ಜೊತೆ ನಕ್ಕವಳ ಹಲ್ಲನ್ನು ಯಾರು ಯಾಕೆ ಮುಟ್ಟಬೇಕು? ಹೀಗೆಲ್ಲ ಯೋಚಿಸುತ್ತಲೇ ಒಂದು ಶನಿವಾರ ಮಧ್ಯಾಹ್ನ ಭೀಮೆಯ ಸೇತುವೆ ದಾಟಿ ಯಾದಗಿರಿಗೆ ಹೋದೆವು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. “ಬಾಯಿ ತೆಗೀರಿ ಮೇಡಂ” ಎಂದಳು. ಹುಡುಗರಿಗೆ ಬಾಯಿ ಮುಚ್ಚಿರೋ ಎಂದು ಹೇಳುತ್ತಲೇ ಜನ್ಮ ಸವೆಸಿದವಳಿಗೆ ಈ ಆಜ್ಞೆ ಪಾಲಿಸಲು ಒಂದು ಕ್ಷಣ ಬೇಕಾಯಿತು. ಚಿಕ್ಕ ಕನ್ನಡಿ ಹಾಕಿ ಕುಟ್ಟಿ, ಕೆರೆದು, ಫೋಟೋ ತೆಗೆಸಿ ನೋಡಿದಳು.

“ಯಾಕ ತಗಸ್ಬೇಕಂತೀರಿ? ನೋವು ಅದೇನು?”

“ನೋವು ಇಲ್ಲ. ಕರ್‍ರಗ ಕಾಣ್ತಾವ.”

“ಮ್ಯಾಲಿನವು ಎರಡೂ ಗಟ್ಟಿ ಅದಾವ, ಮಸ್ತ್ ತುಂಬ್ಯಾರ. ತಗೀಬೇಕಂದ್ರ ಅದರ ಸುತ್ತಲಿನ ಚೊಲೋ ಹಲ್ಲೂ ಒಂದಿಷ್ಟು ಕೊರೀಬೇಕಾಗ್ತದ. ಬಿಳಿದು ಚಂದ ಕಾಣ್ತದ ಖರೆ, ಆದ್ರ ದವಡಿ ಹಲ್ಲಿನ್ಯಾಗ ಇದರಷ್ಟು ವರ್ಷ ಬಾಳಿಕಿ ಬರೂದು ಕಡಿಮಿ. ಕೆಳಗಿಂದು ಒಂದು ಗಟ್ಟಿ ಅದ, ಇನ್ನೊಂದರ ಅಂಚು ಒಡದದ, ಬಾಜೂಕ ಹುಳುಕು ಹತ್ಯದ. ಅದನ್ನ ಮಾತ್ರ ತಗೀಲೇಬೇಕು. ಅದಕ್ಕ ಬಿಳಿದು ಹಾಕ್ತೀನಿ.”

ನಾನು ನಾಚಿ ಸತ್ತದ್ದು ಮೇಲಿನ ಎರಡಕ್ಕೆ. ಅವು ಗಟ್ಟಿ. ಯಾರ ಕಣ್ಣಿಗೂ ಬೀಳದೆ ಕೆಳಗೆ ಮೂಲೆಯಲ್ಲಿದ್ದದ್ದು ಹುಳುಕು. ನಮ್ಮವರು ಮುಂದೆ ಬಂದು ಪಾದರಸದ ಸಂದೇಶ ತೋರಿಸಿದರು.

“ಹಂಗೇನೂ ಅಂಜಬ್ಯಾಡ್ರಿ ಸರ್. ಗಟ್ಟಿ ಕುಂತಿದ್ದು ಕುಂತಿರಲಿ. ಸುಮ್‌ಸುಮ್ಕ ಕೊರದ್ರನ ಪಾದರಸದ ಹವಾ ಹೆಚ್ಚು ಏಳೂದು.”

ಅವ್ವನ ಕಾಲುಂಗುರದ ವಿಷಯವನ್ನೂ ಇವರೇ ಕೇಳಿಬಿಟ್ಟರು. ಅದು ಒಡವೆ ಆಗುವ ಬೆಳ್ಳಿಯಲ್ಲ, ಹೊರಗೆ ಚೆಲ್ಲುವಂತೆಯೂ ಇಲ್ಲ, ಮುಚ್ಚಳದ ಡಬ್ಬಿಯಲ್ಲಿ ಬೇರೆ ಇಡಬೇಕು ಎಂದು ಡಾಕ್ಟರು ನಗದೆ ಹೇಳಿದಳು. ಅವಳ ಸಂಯಮಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

“ಮ್ಯಾಲಿನ ಹಲ್ಲಿನ ಬಗ್ಗಿ ವಿಚಾರ ಮಾಡ್ರಿ ಮೇಡಂ. ಬೇಕೇ ಬೇಕಂದ್ರ ಮಾಡಿಕೊಡ್ತೀನಿ. ನಮ್ಮವ್ವಂದಾಗಿದ್ರ ನಾ ಮುಟ್ಟತಿರಲಿಲ್ಲ” ಎಂದು, ಕೆಳಗಿನ ಹಲ್ಲಿಗೆ ಜೋಮಿನ ಸೂಜಿ ಹಾಕಿ ಕೆಲಸ ಶುರುಮಾಡಿದಳು. ಅರ್ಧ ನಾಲಿಗೆ, ಅರ್ಧ ತುಟಿ ನನ್ನವಲ್ಲದಂತಾದವು. ಹಳೆಯದನ್ನು ತೆಗೆಯುವಷ್ಟು ಹೊತ್ತು ನಮ್ಮವರನ್ನು ಹೊರಗೆ ಕಳಿಸಿದ್ದಳು. ಅದು ಮುಗಿದು ಇನ್ನು ಬಿಳಿ ತುಂಬಬೇಕು ಎನ್ನುವಾಗ ಇವರು ಬಾಗಿಲಲ್ಲಿ ತಲೆ ಹಾಕಿದರು.

“ಮತ್ತ್ಯಾಕ ಬಂದ್ರಿ ಸರ್?” ಎಂದಳು ಡಾಕ್ಟರು.

“ಹೆಂಡ್ತಿ ಬಾಯಿ ಮುಚ್ಚಸ್ಲಿಕ್ಕೆ ಡಾಕ್ಟರ್ ಹಂತ್ಯಾಕ ಬರೋ ಗಂಡಸರು ರಗಡ ಮಂದಿ ಅದಾರ್ರಿ. ತೆಗಸ್ಲಿಕ್ಕೆ ಬಂದಾವ ನಾ ಒಬ್ಬನೇ ಇರಬೇಕು.”

ಮಡಚಿಟ್ಟ ಹಳೆಯ ಸರಕಲ್ಲ, ಅಲ್ಲೇ ಹೊಸದಾಗಿ ನೇಯ್ದದ್ದು. ಹೇಳುವಾಗ ಅವರ ಹೊಟ್ಟೆ ಕುಲುಕಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು, ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗನ ಹಾಗೆ. ನನಗೆ ತಡೆಯಲಾಗಲಿಲ್ಲ. ಬಾಯಲ್ಲಿ ಹತ್ತಿ, ನೀರು ಹೀರುವ ನಳಿಗೆ, ಮುಖದ ಮೇಲೆ ಸೂರ್ಯನಷ್ಟು ದೀಪ. ಅದೆಲ್ಲದರ ನಡುವೆ ನಗು ಬಂತು. ಹತ್ತಿ ಹಾರಿತು. ನಳಿಗೆ ಜಾರಿ ಗಲ್ಲಕ್ಕೆ ಅಂಟಿ ಕಿರ್‍ರೆಂದಿತು. ಒಂದು ಕಡೆ ತುಟಿ ಕಿವಿಯವರೆಗೆ ಹೋಯಿತು, ಇನ್ನೊಂದು ಕಡೆ ಜೋತುಬಿದ್ದಿತು. “ಮೇಡಂ, ಮೇಡಂ, ಹಲ್ಲು ಹಸಿ ಆಗ್ತದ!” ಎಂದು ಡಾಕ್ಟರು ಕೂಗಿದಳು, ಆಮೇಲೆ ಅವಳೂ ಮಾಸ್ಕಿನೊಳಗೆ ನಕ್ಕಳು, ಬಾಗಿಲಲ್ಲಿ ನಮ್ಮವರ ಹೊಟ್ಟೆಯೂ ಕುಲುಕತೊಡಗಿತು. ಕೊನೆಗೆ ನಮ್ಮವರನ್ನು ಹೊರದಬ್ಬಿ ಒಳಗಿನಿಂದ ಚಿಲಕ ಹಾಕಿದಳು. ಮೊದಲಿನಿಂದ ಮತ್ತೆ ಹತ್ತಿ ಇಟ್ಟು, ಒಣಗಿಸಿ, ನೀಲಿ ಬೆಳಕು ಹಿಡಿದು ತುಂಬಿದಳು.

ಬಾಯಿ ತೊಳೆದುಕೊಳ್ಳುವಾಗ ನನಗೆ ಹೊಳೆಯಿತು: ಇಷ್ಟು ದಿನ ನಾನು ಯಾವುದಕ್ಕೆ ಹೆದರಿದ್ದೆನೋ ಅದು ಈಗಷ್ಟೇ ನಡೆದುಹೋಗಿದೆ. ಇದಕ್ಕಿಂತ ಹೆಚ್ಚು ಬೆಳಕಿನಲ್ಲಿ, ಇದಕ್ಕಿಂತ ಹತ್ತಿರದಿಂದ, ಇದಕ್ಕಿಂತ ವಿಕಾರವಾಗಿ ನನ್ನ ಹಲ್ಲನ್ನು ಇನ್ನು ಯಾರೂ ನೋಡಲಾರರು. ನೋಡಿದ ಇಬ್ಬರೂ ನಕ್ಕಿದ್ದರು. ನನ್ನನ್ನು ನೋಡಿ ಅಲ್ಲ, ನನ್ನ ಜೊತೆ.

“ಮ್ಯಾಲಿನವು?” ಎಂದು ಡಾಕ್ಟರು ಕೇಳಿದಳು.

“ಇರಲಿ” ಎಂದೆ. ಅದು “ಇವವಿ” ಎಂದು ಬಂತು. ಅವಳಿಗೆ ಅರ್ಥವಾಯಿತು.

ಸಂಜೆಯ ಬಸ್ಸು ತುಂಬಿತ್ತು. ಸೈದಾಪುರದ ಕಡೆ ಫ್ಯಾಕ್ಟರಿ ಕೆಲಸ ಮುಗಿಸಿ ಬಂದವರು, ಸಂತೆಯ ಚೀಲದವರು, ಮಡಿಲ ಕೂಸಿನವರು. ಹೇಗೋ ಇಬ್ಬರಿಗೂ ಸೀಟು ಸಿಕ್ಕಿತು. ಕಂಡಕ್ಟರ್ ಬಂದು ನನ್ನ ಮುಂದೆ ನಿಂತ. “ಎಲ್ಲಿಗ್ರೀ ಅಕ್ಕಾರ?”

“ಫಹಾಫುವ” ಎಂದೆ.

“ಎಲ್ಲೀ?”

“ಫ-ಹಾ-ಫು-ವ!”

ಹಿಂದಿನ ಸೀಟಿನವರು ಬಗ್ಗಿ ನೋಡಿದರು. ನಮ್ಮವರಿಗೆ ಇಂಥ ಸಭೆ ಸಿಗುವುದು ಅಪರೂಪ. ಗಂಟಲು ಸರಿಮಾಡಿಕೊಂಡು, “ಶಹಾಪುರ ಕೊಡ್ರಿ. ನಂದೊಂದು ಪೂರಾ, ಇವರಿಗಿ ಅರ್ಧ ಟಿಕೀಟು. ಇವರ ಬಾಯಿ ಅರ್ಧನೇ ಬಂದದ, ಇನ್ನರ್ಧ ಯಾದಗಿರ್‍ಯಾಗ ಉಳದದ” ಎಂದರು.

ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಟಿಕೆಟ್ ಯಂತ್ರ ಒತ್ತುತ್ತ, ತಲೆಯೆತ್ತದೆ ಹೇಳಿದ: “ಹೆಣ್ಮಕ್ಕಳಿಗಿ ಫ್ರೀ ಅದರಿ ಯಜಮಾನ್ರ. ಬಾಯಿ ಅರ್ಧ ಇದ್ರೂ ಅಷ್ಟೇ, ಪೂರಾ ಇದ್ರೂ ಅಷ್ಟೇ. ದುಡ್ಡು ಕೊಡಾವ ನೀವೊಬ್ಬರೇ.”

ಇಡೀ ಬಸ್ಸು ಗೊಳ್ಳೆಂದಿತು. ಮಡಿಲ ಕೂಸು ಎಚ್ಚೆತ್ತು ಅಳಬೇಕೋ ನಗಬೇಕೋ ತಿಳಿಯದೆ ಎಲ್ಲರ ಮುಖ ನೋಡಿತು. ಜನ ನಕ್ಕದ್ದು ಕಂಡಕ್ಟರನ ಮಾತಿಗೆ. ಇದು ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಒಬ್ಬರನ್ನು ಬಿಟ್ಟು. ಆ ಒಬ್ಬರು ಎದೆಯುಬ್ಬಿಸಿ, ಸುತ್ತಲೂ ತಿರುಗಿ ನೋಡಿ, ನನ್ನ ಕಿವಿಯಲ್ಲಿ, “ನೋಡಿದ್ಯಾ? ಮಂದಿಗಿ ನನ್ನ ಮಾತು ಹೆಂಗ ಹಿಡೀತು?” ಎಂದರು.

ನಾನು ತಿದ್ದಲು ಹೋಗಲಿಲ್ಲ. ಬಾಯಿಗೆ ಅರ್ಧ ಜೋಮು ಹಿಡಿದೇ ಇತ್ತು. ಉಳಿದರ್ಧವನ್ನು ಪೂರ್ತಿ ತೆರೆದು ನಕ್ಕೆ.